ಠಾಣೆಗೆ ಬರುವ ದಾರಿಯಲ್ಲಿ

ಚನ್ನಗಿರಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತರಾದವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆಯ ನೀರು ಕುಡಿದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ದಾವಣಗೆರೆಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ತಾಲ್ಲೂಕು ಠಾಣೆಗಳ ಪೊಲೀಸರ ಎದೆಗೂ ಕ್ಯಾಮೆರಾ ಬರಬೇಕೇ ಎಂಬುದು ಮಾತು. ಬೇಕು ಎನ್ನುತ್ತಿರುವವರು ಪೊಲೀಸರು, ಅನುಮಾನ ವಕೀಲೆಯದು. ನಾವು ಸಾಮಾನ್ಯವಾಗಿ ಇದನ್ನು ಉಲ್ಟಾ ಊಹಿಸುತ್ತೇವೆ. ಅದಕ್ಕೇ ಈ ಮಾತುಕತೆ ಬರೆದಿಡಬೇಕು ಅನ್ನಿಸಿತು.

ದೊಡ್ಡಪ್ಪ: ಬರಲಿ ಅಂತೀನಿ. ನಾಳೆ ಬರೋದು ಇವತ್ತೇ ಬರಲಿ. ಸರ್ವೀಸಿನಲ್ಲಿ ಇದ್ದಷ್ಟು ದಿನ ನಮ್ಮ ಮಾತು ಒಂದು ಕಡೆ, ಊರಿನ ಮಾತು ಇನ್ನೊಂದು ಕಡೆ. ಹಿಂಗೇ ಆಯ್ತು ಅಂತ ನಡುವೆ ನಿಂತು ಹೇಳೋದು ಏನೂ ಇರಲಿಲ್ಲ.

ವಕೀಲೆ: ಕ್ಯಾಮೆರಾ ಹೇಳತ್ತೆ ಅಂತೀರಾ? ಯಾವಾಗ ಆನ್ ಮಾಡಿದ್ರೋ ಅಲ್ಲಿಂದ ಮುಂದಿಂದು ಮಾತ್ರ ಅದಕ್ಕೆ ಗೊತ್ತು ದೊಡ್ಡಪ್ಪ.

ದೊಡ್ಡಪ್ಪ: ನಮ್ಮ ಚನ್ನಗಿರಿದೇ ತಗೋ. 2024ರ ಮೇ 24ರ ರಾತ್ರಿ. ಮಟ್ಕಾ ಆಡಿಸ್ತಿದ್ದ ಅನ್ನೋ ಆರೋಪದ ಮೇಲೆ ಒಬ್ಬನ್ನ ಕರ್ಕೊಂಡು ಬಂದ್ರು, ಅವನು ತೀರಿಹೋದ. ಸಂಬಂಧಿಕರು ಪೊಲೀಸರೇ ಹೊಡೆದು ಸಾಯಿಸಿದ್ರು ಅಂದ್ರು. ಠಾಣೆಗೆ ಕಲ್ಲು ಬಿತ್ತು, ಜೀಪು ಉರುಳಿಸಿದ್ರು, 11 ಜನ ಪೊಲೀಸರಿಗೆ ಗಾಯ ಆಯ್ತು. ಆ ಮನುಷ್ಯ ಠಾಣೆ ಒಳಗೆ ಇದ್ದದ್ದೇ ಆರೇಳು ನಿಮಿಷ ಅಂತ ಎಸ್ಪಿಯವರು ಹೇಳಿದ್ರು. ಲಾಕಪ್ ಡೆತ್ ಅಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದ್ರು. ಆದರೂ ಡಿವೈಎಸ್ಪಿ, ಇನ್‌ಸ್ಪೆಕ್ಟರ್ ಇಬ್ಬರನ್ನೂ ಅಮಾನತು ಮಾಡಿದ್ರು, ತನಿಖೆ ಸಿಐಡಿಗೆ ಹೋಯ್ತು. ಒಂದು ಕ್ಯಾಮೆರಾ ಇದ್ದಿದ್ರೆ ಆ ರಾತ್ರೀನೇ ಮಾತು ಮುಗೀತಿತ್ತು.

ವಕೀಲೆ: ಅಮಾನತು ಯಾಕೆ ಅನ್ನೋದನ್ನ ಬಿಟ್ಟು ಹೇಳಬೇಡಿ. ಎಫ್‌ಐಆರ್ ಹಾಕದೆ ಕರೆತಂದದ್ದು ತಪ್ಪು ಅಂತ ಮುಖ್ಯಮಂತ್ರಿಗಳೇ ಅಂದ್ರಲ್ಲ. ಆಮೇಲೆ, ಆ ಆರೇಳು ನಿಮಿಷ ಠಾಣೆ ಒಳಗಿನದು. ಅಲ್ಲಿಗೆ ಬಾಡಿ ಕ್ಯಾಮೆರಾ ಬೇಕಾಗೇ ಇಲ್ಲ. 2020ರ ಡಿಸೆಂಬರ್‌ನಲ್ಲೇ ಪರಮವೀರ್ ಸಿಂಗ್ ಸೈನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಪ್ರತಿ ಠಾಣೆಯ ಬಾಗಿಲು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ, ಹಿತ್ತಲು ಎಲ್ಲದಕ್ಕೂ ಸಿಸಿಟಿವಿ ಇರಬೇಕು, ಧ್ವನಿ ಸಮೇತ ಇರಬೇಕು, ರೆಕಾರ್ಡು 18 ತಿಂಗಳು ಉಳಿಯಬೇಕು. ಇಲ್ಲಿ ಕ್ಯಾಮೆರಾ ಇದೆ ಅಂತ ಬಾಗಿಲಲ್ಲಿ ಬೋರ್ಡು ಹಾಕಬೇಕು, ಕನ್ನಡದಲ್ಲೂ. ಅದೇ ಎಲ್ಲ ಕಡೆ ಪೂರ್ತಿ ಆಗದೆ, ಸುಪ್ರೀಂ ಕೋರ್ಟು 2025ರಲ್ಲಿ ಮತ್ತೆ ತಾನಾಗೇ ಆ ವಿಷಯ ಕೈಗೆತ್ತಿಕೊಂಡಿತು. ಗೋಡೆ ಮೇಲಿಂದೇ ನಡೆಸೋಕಾಗದವರು ಎದೆ ಮೇಲಿಂದು ನಡೆಸ್ತಾರಾ?

ದೊಡ್ಡಪ್ಪ: ನಿಲ್ಲು, ಅಲ್ಲೇ ಐತೆ ವಿಷಯ. ಠಾಣೆ ಒಳಗಿಂದು ಗೋಡೆ ಕ್ಯಾಮೆರಾ ನೋಡತ್ತೆ, ಒಪ್ಪಿದೆ. ಅವನನ್ನ ಹಿಡಿದ ಜಾಗದಿಂದ ಠಾಣೆ ಮೆಟ್ಟಿಲವರೆಗೆ? ಜೀಪಿನ ಹಿಂದಿನ ಸೀಟಿನಲ್ಲಿ ಇದ್ದ ಹೊತ್ತು? ಆ ದಾರಿಗೆ ಯಾವ ಗೋಡೆನೂ ಇಲ್ಲ. ಜನ ಅನುಮಾನ ಪಡೋದೂ ಅಲ್ಲೇ, ನಮ್ಮವರ ಕೈ ಮುಂದೆ ಹೋಗೋದೂ ಅಲ್ಲೇ. ಇಲ್ಲ ಅಂತ ನಾನು ಹೇಳಲ್ಲ.

ವಕೀಲೆ: ಇದನ್ನ ಒಪ್ಕೋತೀನಿ. 1996ರ ಡಿ.ಕೆ. ಬಸು ತೀರ್ಪು ಬಂಧನದ ಮೆಮೊ ಬರೀಬೇಕು, ಸಮಯ ಹಾಕಬೇಕು, ಸಾಕ್ಷಿ ಸಹಿ ಬೇಕು ಅನ್ನತ್ತೆ. ನನ್ನ ಕೈಗೆ ಬರೋ ಮೆಮೊಗಳಲ್ಲಿ ಸಮಯ ಯಾವಾಗಲೂ ಠಾಣೆಗೆ ಬಂದ ಮೇಲಿನದೇ. ಮನೆಯಿಂದ ಎಬ್ಬಿಸ್ಕೊಂಡು ಹೋದ ಹೊತ್ತು ಯಾವ ಕಾಗದದಲ್ಲೂ ಇರಲ್ಲ. ಕ್ಯಾಮೆರಾದಲ್ಲಿ ಸಮಯ ತಾನಾಗೇ ಬೀಳತ್ತೆ, ಅಷ್ಟು ಲಾಭ ಇದೆ. ಆದರೆ ಗುಂಡಿ?

ದೊಡ್ಡಪ್ಪ: ಗುಂಡಿ ಏನು?

ವಕೀಲೆ: ಒತ್ತೋರು ಯಾರು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿಯಾಲ್ಟೊ ಅಂತ ಸಣ್ಣ ಊರು. 2012ರಲ್ಲಿ ಅಲ್ಲಿನ ಪೊಲೀಸರಿಗೆ ಕ್ಯಾಮೆರಾ ಕೊಟ್ಟು ಒಂದು ವರ್ಷ ಪ್ರಯೋಗ ಮಾಡಿದ್ರು. ಪೊಲೀಸರ ಮೇಲಿನ ದೂರು ಶೇ 88ರಷ್ಟು ಇಳೀತು. ಕ್ಯಾಮೆರಾ ಮಾರೋರೆಲ್ಲ ಅದನ್ನೇ ಹೇಳ್ತಾರೆ. 2017ರಲ್ಲಿ ವಾಷಿಂಗ್ಟನ್ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ಮಾಡಿದ ಪ್ರಯೋಗದ ಫಲ ಬಂತು: ಕ್ಯಾಮೆರಾ ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇನ್ನೊಂದು ದೊಡ್ಡ ಅಧ್ಯಯನ, ಕೇಂಬ್ರಿಜ್‌ನವರದು. ಮೊದಲಿಂದ ಕೊನೆವರೆಗೆ ರೆಕಾರ್ಡ್ ಮಾಡಲೇಬೇಕು ಅನ್ನೋ ನಿಯಮ ಪಾಲಿಸಿದ ಕಡೆ ಬಲಪ್ರಯೋಗ ಕಡಿಮೆ ಆಯ್ತು. ನಿಮಗೆ ತೋಚಿದಾಗ ಆನ್ ಮಾಡಿ ಅಂತ ಬಿಟ್ಟ ಕಡೆ ಹೆಚ್ಚಾಯ್ತು. ಹೆಚ್ಚಾಯ್ತು ದೊಡ್ಡಪ್ಪ!

ದೊಡ್ಡಪ್ಪ: ತೋಚಿದಾಗ ಅಂದ್ರೆ ಜಗಳ ಶುರುವಾದ ಮೇಲೆ. ಅದು ನನಗೆ ಅರ್ಥ ಆಗತ್ತೆ. ಜಾತ್ರೇಲಿ ಕೈ ಕೈ ಮಿಲಾಯಿಸಿದಾಗ ಪೇದೆಯ ಕೈ ಮೊದಲು ಲಾಠಿಗೆ ಹೋಗತ್ತೆ, ಇಲ್ಲಾ ತಲೆ ಕಾಯೋಕೆ ಹೋಗತ್ತೆ. ಎದೆ ಮೇಲಿನ ಗುಂಡಿಗೆ ಹೋಗಲ್ಲ. ಮಳೆಗಾಲದಲ್ಲಿ ಮೇಲೆ ರೇನ್‌ಕೋಟು ಬೇರೆ, ಗುಂಡಿ ಎಲ್ಲೈತೆ ಅಂತ ತಡಕಾಡಬೇಕು. ಈಗಿನ ಕ್ಯಾಮೆರಾಗಳು ಗುಂಡಿ ಒತ್ತೋ ಮುಂಚಿನ ಅರ್ಧ ನಿಮಿಷನೂ ಹಿಡಿದಿಟ್ಟುಕೊಂಡಿರ್ತಾವಂತೆ?

ವಕೀಲೆ: ಕೆಲವು ಹಿಡಿದಿಟ್ಟುಕೊಳ್ತವೆ. ಬಹಳಷ್ಟರಲ್ಲಿ ಆ ಅರ್ಧ ನಿಮಿಷಕ್ಕೆ ಚಿತ್ರ ಇರತ್ತೆ, ಧ್ವನಿ ಇರಲ್ಲ.

ದೊಡ್ಡಪ್ಪ: ಚಿತ್ರನಾದ್ರೂ ಇರಲಿ. ಹಂಗಾದ್ರೆ ನಿಯಮ ಹಿಂಗಿರಲಿ: ಜೀಪು ಠಾಣೆ ಬಿಟ್ಟಾಗ ಆನ್, ವಾಪಸ್ ಬಂದಾಗ ಆಫ್. ಪೇದೆ ಯೋಚನೆ ಮಾಡೋದೇ ಬೇಡ.

ವಕೀಲೆ: ಬ್ಯಾಟರಿ ಎಷ್ಟು ಗಂಟೆ ಬರತ್ತೆ?

ದೊಡ್ಡಪ್ಪ: ಎಂಟು ಗಂಟೆ ಅಂತ ಬರೆದಿರ್ತಾರೆ. ಹಳೇದಾದ ಮೇಲೆ ಐದು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಹೋಗಿ ನೋಡು. ಬೇರೆ ರಾಜ್ಯಗಳಿಂದಲೂ ಬಂಜಾರ ಸಮುದಾಯದ ಜನ ಬರ್ತಾರೆ, ಹೆಜ್ಜೆ ಇಡೋಕೆ ಜಾಗ ಇರಲ್ಲ. ಬೆಳಗಿನ ಜಾವ ರೋಲ್‌ಕಾಲ್ ಮಾಡಿ ಪಾಯಿಂಟಿಗೆ ನಿಲ್ಲಿಸಿದ್ರೆ ಪೇದೆ ವಾಪಸ್ ಬರೋದು ರಾತ್ರಿ. ಊಟದ ಪೊಟ್ಟಣನೇ ಸರಿಯಾಗಿ ತಲುಪಲ್ಲ, ಚಾರ್ಜರ್ ಎಲ್ಲಿ ಹುಡುಕ್ತಾನೆ?

ವಕೀಲೆ: ಠಾಣೆಯಲ್ಲಿ?

ದೊಡ್ಡಪ್ಪ: ರೈಟರ್ ಕೋಣೆ ಒಳಗೆ ಬಂದಿದ್ರೆ ಗೊತ್ತಾಗ್ತಿತ್ತು ನಿನಗೆ. ಒಂದು ಗೋಡೆಗೆ ಒಂದೇ ಪ್ಲಗ್ಗು. ಅದಕ್ಕೆ ಒಂದು ಎಕ್ಸ್‌ಟೆನ್ಷನ್ ಬಾಕ್ಸು, ಆ ಬಾಕ್ಸಿಗೆ ಇನ್ನೊಂದು ಬಾಕ್ಸು. ಸಾಲಾಗಿ ವಾಕಿಟಾಕಿ ಬ್ಯಾಟರಿ ಇಟ್ಟಿರ್ತಾರೆ, ಪ್ರತಿಯೊಂದರ ಮೇಲೂ ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಲ್ಲಿ ನಂಬರ್ ಬರೆದಿರ್ತಾರೆ. ಸಂದೀಲಿ ಮಂದಿಯ ಮೊಬೈಲು. ಕರೆಂಟ್ ಹೋದ್ರೆ ಯುಪಿಎಸ್ ಕೂಗತ್ತೆ, ಕಂಪ್ಯೂಟರ್ ಉಳಿಸೋಕೆ ಮಿಕ್ಕಿದ್ದೆಲ್ಲ ಕಿತ್ತು ಹಾಕ್ತಾರೆ. ಬೆಳಿಗ್ಗೆ ಡ್ಯೂಟಿಗೆ ಬಂದವನು ಎತ್ಕೊಂಡ ಬ್ಯಾಟರಿ ಅರ್ಧ ತುಂಬಿರತ್ತೆ. ಅದೇ ಗೋಡೆಗೆ ಇನ್ನು ಹತ್ತು ಕ್ಯಾಮೆರಾ ಬರ್ತಾವೆ ಅಂತ ಅಂದ್ಕೋ.

ವಕೀಲೆ: ನೀವು ಬೇಕು ಅನ್ನೋರೋ ಬೇಡ ಅನ್ನೋರೋ?

ದೊಡ್ಡಪ್ಪ: ಬೇಕು ಅನ್ನೋನೇ. ಅದಕ್ಕೇ ಪ್ಲಗ್ಗಿನ ಮಾತು ಆಡ್ತಿರೋದು. ಕ್ಯಾಮೆರಾ ಬೇಡ ಅನ್ನೋನಿಗೆ ಪ್ಲಗ್ಗು ಯಾಕೆ ಬೇಕು? ವಸ್ತು ಬರತ್ತೆ, ಎಸ್ಪಿ ಆಫೀಸಿನ ಅಂಗಳದಲ್ಲಿ ಹಂಚಿ ಫೋಟೊ ತೆಗೀತಾರೆ. ಎರಡು ವರ್ಷ ಆದ ಮೇಲೆ ಕ್ಲಿಪ್ ಮುರಿದದ್ದು, ಬ್ಯಾಟರಿ ಉಬ್ಬಿದ್ದು ಬೀರುವಿನಲ್ಲಿ ಸೇರ್ತಾವೆ. ಹಂಗಾಗಬಾರದು ಅನ್ನೋದು ನನ್ನ ಸಂಕಟ.

ಇಲ್ಲಿ ನನ್ನದೊಂದು ಮಾತು. ಬೆಂಗಳೂರಿನ ಸಂಚಾರ ಪೊಲೀಸರಿಗೆ ವಾಹನ ತಪಾಸಣೆ ವೇಳೆ ಬಾಡಿ ಕ್ಯಾಮೆರಾ ಕಡ್ಡಾಯ ಮಾಡಿದ್ದು 2022ರಲ್ಲಿ. ಅಲ್ಲಿನ ಕೆಲಸ ಬಹುಮಟ್ಟಿಗೆ ಒಂದೇ ಜಾಗದಲ್ಲಿ, ಹಗಲಿನಲ್ಲಿ, ನೆಟ್‌ವರ್ಕ್ ಇರುವಲ್ಲಿ. ತಾಲ್ಲೂಕು ಠಾಣೆಯ ಪೇದೆ ಬೆಳಿಗ್ಗೆ ಕೋರ್ಟಿನ ಸಮನ್ಸ್ ಮುಟ್ಟಿಸಲು ಹೋಗುತ್ತಾನೆ, ಮಧ್ಯಾಹ್ನ ಹೊಲದ ಬದುವಿನ ಜಗಳಕ್ಕೆ ಹೋಗುತ್ತಾನೆ, ರಾತ್ರಿ ಗಸ್ತು ತಿರುಗುತ್ತಾನೆ. ನಗರದ ಆದೇಶವನ್ನೇ ಹಳ್ಳಿಗೆ ಕಳಿಸಿದರೆ ಅದು ಕಾಗದದ ಮೇಲೆ ಮಾತ್ರ ಜಾರಿಯಾಗುತ್ತದೆ. ಮಾತು ಮುಂದುವರಿದದ್ದು ಸಂಗ್ರಹದ ಕಡೆಗೆ.

ವಕೀಲೆ: ಚಾರ್ಜ್ ಆಯ್ತು ಅಂತಿಟ್ಕೊಳ್ಳಿ. ರೆಕಾರ್ಡ್ ಆದದ್ದು ಎಲ್ಲಿ ಹೋಗತ್ತೆ? ಲೆಕ್ಕ ಹಾಕೋಣ. ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ ಒಂದೂವರೆ ಜಿಬಿ ಅಂದ್ರೆ, ಹತ್ತು ಕ್ಯಾಮೆರಾ ದಿನಕ್ಕೆ ಆರು ಗಂಟೆ ನಡೆದ್ರೆ 90 ಜಿಬಿ. ತಿಂಗಳಿಗೆ 2.7 ಟಿಬಿ. ಸಿಸಿಟಿವಿಗೆ ಹೇಳಿದ ಹಾಗೇ 18 ತಿಂಗಳು ಇಡಬೇಕು ಅಂದ್ರೆ ಹತ್ತಿರ ಹತ್ತಿರ 50 ಟಿಬಿ, ಒಂದೇ ಠಾಣೆಗೆ. ಜಗಳೂರಿನ ಹಳ್ಳಿಯಿಂದ ಇದನ್ನ ನೆಟ್‌ನಲ್ಲಿ ದಾವಣಗೆರೆಗೆ ಕಳಿಸ್ತೀರಾ?

ದೊಡ್ಡಪ್ಪ: ಜಗಳೂರಿನ ಕೆಲವು ಹಟ್ಟಿಗಳಲ್ಲಿ ಫೋನ್ ಮಾತಾಡೋಕೇ ದಿಬ್ಬ ಹತ್ತಬೇಕು. ಠಾಣೆಯಲ್ಲೇ ಒಂದು ಡಬ್ಬಿ ಇಡಬೇಕು.

ವಕೀಲೆ: ಡಬ್ಬಿ ಅಂದ್ರಿ, ನ್ಯಾಮತಿ ನೆನಪಾಯ್ತು. 2024ರ ಅಕ್ಟೋಬರ್, ಸ್ಟೇಟ್ ಬ್ಯಾಂಕು. 17.7 ಕೆಜಿ ಚಿನ್ನ ಹೋಯ್ತು. ಕಳ್ಳರು ಕಾರದ ಪುಡಿ ಚೆಲ್ಲಿ, ಸಿಸಿಟಿವಿಯ ಡಿವಿಆರ್‌ನೇ ಕಿತ್ಕೊಂಡು ಹೋದ್ರು. ಕ್ಯಾಮೆರಾಗಳೆಲ್ಲ ಗೋಡೆ ಮೇಲೇ ಇದ್ವು, ನೋಡಿದ್ದು ಮಾತ್ರ ಇರಲಿಲ್ಲ. ರೆಕಾರ್ಡು ಘಟನೆ ನಡೆದ ಜಾಗದಲ್ಲೇ ಇದ್ರೆ ಹೀಗೇ. ಠಾಣೆ ಮೇಲೇ ಆರೋಪ ಇದ್ದಾಗ ರೆಕಾರ್ಡು ಆ ಠಾಣೆಯ ಬೀರುವಿನಲ್ಲೇ ಇದ್ರೆ ನನ್ನ ಕಕ್ಷಿದಾರ ನಂಬಬೇಕಾ?

ದೊಡ್ಡಪ್ಪ: ಆ ಕೇಸು ನಮ್ಮ ಜಿಲ್ಲೆ ಪೊಲೀಸರು ಬಿಡಿಸಿದ್ರು. 2025ರ ಮಾರ್ಚಿನಲ್ಲಿ ತಮಿಳುನಾಡಿನ ಮದುರೈ ಕಡೆ ಉಸಿಲಂಪಟ್ಟಿಯ ಬಾವಿಯಿಂದ ಚಿನ್ನ ಎತ್ತಿದ್ರು. ಡಿವಿಆರ್ ಇಲ್ಲದೇನೇ. ಕಾಲು ಸವೆಸಿ, ಊರೂರು ಅಲೆದು, ಮಂದಿಯ ಹತ್ರ ಮಾತಾಡಿ. ಅದನ್ನೂ ಹೇಳು.

ವಕೀಲೆ: ಹೇಳ್ತೀನಿ, ಅದು ದೊಡ್ಡ ಕೆಲಸ. ಆದರೆ ಅಲ್ಲಿ ಪೊಲೀಸರು ಹುಡುಕೋರು. ಕಸ್ಟಡಿ ಕೇಸಿನಲ್ಲಿ ಪೊಲೀಸರೇ ಆರೋಪಿ. ಅಲ್ಲಿ ಯಾರು ಊರೂರು ಅಲೀತಾರೆ?

ದೊಡ್ಡಪ್ಪ: ಹಂಗಾದ್ರೆ ಡಬ್ಬಿ ಠಾಣೆಯಲ್ಲಿರಲಿ, ಬೀಗ ಬೇರೆಯವರ ಹತ್ರ ಇರಲಿ. ಠಾಣೆಯವನು ಕ್ಯಾಮೆರಾ ತಂದು ಸಿಕ್ಕಿಸಬೇಕು, ರೆಕಾರ್ಡು ತಾನೇ ಇಳೀಬೇಕು. ನೋಡೋಕೆ, ಅಳಿಸೋಕೆ ಇನ್‌ಸ್ಪೆಕ್ಟರಿಗೂ ಅಧಿಕಾರ ಇರಬಾರದು.

ವಕೀಲೆ: ಇಳೀತಿದ್ದ ಹಾಗೇ ಹ್ಯಾಶ್ ವ್ಯಾಲ್ಯೂ ಬೀಳಬೇಕು. ವಿಡಿಯೊದಲ್ಲಿ ಒಂದು ಚುಕ್ಕೆ ಬದಲಾದ್ರೂ ಆ ಸಂಖ್ಯೆ ಪೂರ್ತಿ ಬದಲಾಗತ್ತೆ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರದಲ್ಲಿ ಅದನ್ನ ಬರೀಲೇಬೇಕು, ಪರಿಣತರ ಸಹಿಯೂ ಬೇಕು. ದಾವಣಗೆರೆಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ ನಿಜ, ಆದರೆ ನಾಲ್ಕು ತಾಲ್ಲೂಕಿನ ಎದೆಗಳಿಂದ ದಿನಾ ಇಳಿಯೋ ವಿಡಿಯೊಗೆ ಅಲ್ಲಿ ಎಷ್ಟು ಜನ ಬೇಕಾದಾರು?

ದೊಡ್ಡಪ್ಪ: ಅದೇ ಕಾನೂನಿನವರು ಜಪ್ತಿ, ಶೋಧ ಎಲ್ಲ ವಿಡಿಯೊ ಮಾಡಿ ಅಂದಿದ್ದಾರಲ್ಲ?

ವಕೀಲೆ: ಹೌದು, ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ, 2024ರ ಜುಲೈ 1ರಿಂದ. ಮೊಬೈಲ್‌ನಲ್ಲಿ ಮಾಡಿದ್ರೂ ಸೈ, ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅದಕ್ಕೆ ಇ-ಸಾಕ್ಷ್ಯ ಅನ್ನೋ ಆ್ಯಪ್ ಇದೆ.

ದೊಡ್ಡಪ್ಪ: ಮೊಬೈಲ್ ಯಾರದು ಗೊತ್ತಾ? ಎಷ್ಟೋ ಕಡೆ ಆ ಹುಡುಗಂದೇ. ಸಾಲ ಮಾಡಿ ತಗೊಂಡ ಫೋನು. ಅದರಲ್ಲೇ ಮಗಳ ನಾಮಕರಣದ ಫೋಟೊ, ಅದರಲ್ಲೇ ಕೊಲೆ ಜಾಗದ ಮಹಜರು. ನಾಳೆ ಕೋರ್ಟು ಫೋನ್ ತಂದಿಡು ಅಂದ್ರೆ? ಬಾಡಿ ಕ್ಯಾಮೆರಾ ಬಂದ್ರೆ ಆ ಹುಡುಗನ ಫೋನು ಅವನಿಗೇ ಉಳಿಯತ್ತೆ. ಅದಕ್ಕೂ ಬೇಕು ಅಂತೀನಿ.

ಇಲ್ಲಿ ಆಕೆ ಸ್ವಲ್ಪ ಹೊತ್ತು ಎದುರು ಹೇಳಲಿಲ್ಲ. ಮತ್ತೆ ಹಿಡಿದದ್ದು ಬೇರೆ ದಾರಿ.

ವಕೀಲೆ: ಹೆಂಗಸರ ವಿಷಯ ಹೇಳಿ. ನಡುರಾತ್ರಿ 112ಕ್ಕೆ ಫೋನ್ ಮಾಡ್ತಾಳೆ, ಗಂಡ ಹೊಡೆದಿದ್ದಾನೆ. ಪೊಲೀಸ್ ಗಾಡಿ ಬರತ್ತೆ. ಅವಳು ಯಾವ ಸ್ಥಿತಿಯಲ್ಲಿ ಇರ್ತಾಳೋ. ಎದುರಿನವನ ಎದೆ ಮೇಲೆ ಕೆಂಪು ದೀಪ. ಅವಳು ಬಾಯಿ ಬಿಡ್ತಾಳಾ? ಪೋಕ್ಸೊ ಕಾಯ್ದೆಯ 24ನೇ ಕಲಂ ಮಗುವಿನ ಹೇಳಿಕೆ ತಗೊಳ್ಳೋವಾಗ ಪೊಲೀಸರು ಸಮವಸ್ತ್ರದಲ್ಲೇ ಇರಬಾರದು ಅನ್ನತ್ತೆ. ಸಮವಸ್ತ್ರಕ್ಕೇ ಮಗು ಹೆದರತ್ತೆ ಅಂತ ಕಾನೂನಿಗೆ ಗೊತ್ತು. ಅದರ ಮೇಲೆ ಕಣ್ಣೊಂದು ಇಟ್ರೆ?

ದೊಡ್ಡಪ್ಪ: ಅಂಥ ಕಡೆ ಆಫ್ ಮಾಡಬೇಕು. ಬಾತ್ಮೀದಾರರ ಹತ್ರ ಮಾತಾಡೋವಾಗಲೂ. ಬೀಟ್ ಪೇದೆಗೆ ಊರಲ್ಲಿ ಇರೋದೇ ನಾಲ್ಕು ಬಾಯಿ. ಕ್ಯಾಮೆರಾ ಕಂಡ್ರೆ ಆ ನಾಲ್ಕೂ ಮುಚ್ಚಿಕೊಳ್ತಾವೆ.

ವಕೀಲೆ: ನೋಡಿ, ಜೀಪು ಬಿಟ್ಟಾಗ ಆನ್, ಬಂದಾಗ ಆಫ್ ಅಂದಿದ್ರಿ. ಈಗ ಇಲ್ಲಿ ಆಫ್, ಅಲ್ಲಿ ಆಫ್. ಗುಂಡಿ ಮತ್ತೆ ಪೇದೆ ಕೈಗೇ ಬಂತು.

ದೊಡ್ಡಪ್ಪ: ಬಂತು. ಬಂದೇ ಬರತ್ತೆ. ಆದರೆ ಆಫ್ ಮಾಡೋ ಮುಂಚೆ ಬಾಯಲ್ಲಿ ಹೇಳಬೇಕು: ಇಷ್ಟು ಗಂಟೆ, ಇಂಥ ಕಾರಣ, ಬಂದ್ ಮಾಡ್ತಿದೀನಿ. ಆ ಮಾತು ರೆಕಾರ್ಡಿನಲ್ಲಿ ಇರಬೇಕು, ಸ್ಟೇಷನ್ ಡೈರಿಗೂ ಏರಬೇಕು. ಆಫ್ ಆದದ್ದು ತಪ್ಪಲ್ಲ, ಕಾರಣ ಇಲ್ಲದೆ ಆಫ್ ಆದದ್ದು ತಪ್ಪು.

ವಕೀಲೆ: ಕಾರಣ ಇಲ್ಲದೆ ಆಫ್ ಆಗಿದ್ರೆ ಕೋರ್ಟು ಆ ಪೊಲೀಸಿನ ಮಾತನ್ನ ಅನುಮಾನದಿಂದಲೇ ನೋಡಬೇಕು ಅಂತ ನಿಯಮ ಬರಲಿ. ಒಪ್ತೀರಾ?

ದೊಡ್ಡಪ್ಪ: ಅದು ಒಪ್ಪಲ್ಲ. ಬ್ಯಾಟರಿ ಸತ್ತದ್ದಕ್ಕೆ ಪೇದೆ ಸುಳ್ಳುಗಾರ ಆಗಬೇಕಾ? ಪ್ಲಗ್ಗು ಕೊಡದೋರು ಯಾರು, ಶಿಕ್ಷೆ ಯಾರಿಗೆ?

ವಕೀಲೆ: ಹಾಗಾದ್ರೆ ಪ್ರತಿ ಸಲವೂ ಬ್ಯಾಟರಿ ಸತ್ತಿತ್ತು ಅಂತ ಕೇಳಬೇಕಾಗತ್ತೆ ನಾನು. ಚಿಕ್ಕಮಗಳೂರಿನಲ್ಲಿ 2023ರ ನವೆಂಬರ್ ಕೊನೆಗೆ ಆದದ್ದು ಗೊತ್ತಲ್ಲ. ಹೆಲ್ಮೆಟ್ ಇಲ್ಲ ಅಂತ ತಡೆದ ಒಬ್ಬ ವಕೀಲರ ಮೇಲೆ ಠಾಣೆಯಲ್ಲಿ ಹಲ್ಲೆ ಆಯ್ತು ಅನ್ನೋ ದೂರು.

ದೊಡ್ಡಪ್ಪ: ಗೊತ್ತು. ಆರು ಜನ ನಮ್ಮವರು ಅಮಾನತಾದ್ರು, ನೀವು ಕಲಾಪ ಬಿಟ್ಟು ಹೊರಗೆ ಬಂದ್ರಿ. ಕೊನೆಗೆ ಪೊಲೀಸರೇ, ಶಿಸ್ತಿನ ಇಲಾಖೆಯವರು, ಬೀದಿಗೆ ಇಳಿದ್ರು. ಆ ಹೆಲ್ಮೆಟ್ ಮಾತು ಹೆಂಗೆ ಶುರುವಾಯ್ತು, ಯಾರು ಮೊದಲು ಏರಿದ ದನಿಯಲ್ಲಿ ಮಾತಾಡಿದ್ರು, ಅದಕ್ಕೆ ಒಂದು ಕ್ಯಾಮೆರಾ ಇದ್ದಿದ್ರೆ ಅಂತ ಅವತ್ತೂ ಅಂದಿದ್ದೆ.

ವಕೀಲೆ: ಯಾರು ಮೊದಲು ದನಿ ಏರಿಸಿದ್ರೂ ಠಾಣೆ ಒಳಗೆ ಹೊಡೆಯೋ ಅಧಿಕಾರ ಬರಲ್ಲ ದೊಡ್ಡಪ್ಪ. ಕ್ಯಾಮೆರಾದ ಅಪಾಯ ಇದೇ. ಕೆರಳಿಸಿದ್ದು ಯಾರು ಅನ್ನೋದನ್ನ ತೋರಿಸಿ, ಹೊಡೆದದ್ದನ್ನ ಹಗುರ ಮಾಡತ್ತೆ.

ದೊಡ್ಡಪ್ಪ: ಹೊಡೆದದ್ದು ಸರಿ ಅಂತ ನಾನು ಹೇಳಿಲ್ಲ. ಈಗ ನನ್ನ ಅಪಾಯ ಕೇಳು. ಯಾವ ಠಾಣೆ, ಯಾವ ವರ್ಷ ಅಂತ ಕೇಳಬೇಡ. ಹೊಳೆ ದಂಡೆ, ರಾತ್ರಿ ಎರಡರ ಸುಮಾರು. ಮರಳು ಟ್ರ್ಯಾಕ್ಟರ್ ಅಡ್ಡ ಹಾಕಿದ್ವಿ. ಡ್ರೈವರ್ ಇಳಿದು ಓಡಲಿಲ್ಲ, ಸೀಟಿನ ಮೇಲೇ ಕೂತು ಬೀಡಿ ಹಚ್ಚಿದ. ಟ್ರಾಲಿಯಿಂದ ನೀರು ಇನ್ನೂ ಸೋರ್ತಿತ್ತು, ಅಷ್ಟು ಹಸಿ ಮರಳು. ಐದು ನಿಮಿಷ ಆಗಿರಲಿಲ್ಲ, ನಮ್ಮ ಸಾಹೇಬರ ಫೋನ್ ಹೊಡ್ಕೊಂಡಿತು. ಅವರು ದೂರ ಹೋಗಿ 'ಸರ್, ಸರ್' ಅಂತ ಎರಡು ಸಲ ಅಂದ್ರು. ಬಂದು ನನ್ನ ಕಡೆ ನೋಡಿ ಕೈ ಸನ್ನೆ ಮಾಡಿದ್ರು. ಬಿಡು ಅಂತ. ಬಾಯಿ ತೆರೀಲಿಲ್ಲ. ಬ್ಯಾರಿಕೇಡ್ ಸರಿಸಿದ್ದು ನಾನು. ಅವತ್ತು ನನ್ನ ಎದೆ ಮೇಲೆ ಕ್ಯಾಮೆರಾ ಇದ್ದಿದ್ರೆ ಅದರಲ್ಲಿ ಏನು ಕಾಣ್ತಿತ್ತು ಹೇಳು?

ವಕೀಲೆ: ನಿಮ್ಮ ಕೈ ಬ್ಯಾರಿಕೇಡ್ ಸರಿಸಿದ್ದು.

ದೊಡ್ಡಪ್ಪ: ಅಷ್ಟೇ. ಫೋನಿನ ಆ ಕಡೆಯ ದನಿ ಯಾವ ಕ್ಯಾಮೆರಾಗೂ ಸಿಗಲ್ಲ. ಹೊನ್ನಾಳಿಲಿ ತುಂಗಭದ್ರೆ ದಂಡೆ ಮೇಲೆ ಇವತ್ತು ರಾತ್ರಿ ನಿಂತ ಹುಡುಗನ ಗತಿ ಏನು ಅಂತ ಯೋಚನೆ ಮಾಡು. ಕ್ಯಾಮೆರಾ ಕೊಡೋದು ಪೇದೆ, ಹೆಡ್‌ಕಾನ್‌ಸ್ಟೆಬಲ್, ಎಎಸ್‌ಐಗೆ. ಬಿಡು ಅನ್ನೋರ ಎದೆ ಮೇಲೆ ಇಲ್ಲ.

ವಕೀಲೆ: ಆದರೂ ನೀವು ಬೇಕು ಅಂತೀರಿ.

ದೊಡ್ಡಪ್ಪ: ಅಂತೀನಿ. ಯಾಕಂದ್ರೆ ಕ್ಯಾಮೆರಾ ಆನ್ ಇದೆ ಅಂತ ಗೊತ್ತಿದ್ರೆ ಆ ಸಾಹೇಬ್ರು ಸನ್ನೆ ಮಾಡೋಕೂ ಯೋಚನೆ ಮಾಡ್ತಿದ್ರು. ನಾನು 'ಸರ್, ರೆಕಾರ್ಡ್ ಆಗ್ತೈತೆ' ಅಂತ ಒಂದು ಮಾತು ಅನ್ನಬಹುದಿತ್ತು. ಸಣ್ಣ ನೌಕರನಿಗೆ ಇಲ್ಲ ಅನ್ನೋಕೆ ಒಂದು ನೆಪ ಬೇಕು ತಾಯಿ.

ವಕೀಲೆ: ಇದು ನಾನು ಯೋಚನೆ ಮಾಡಿರಲಿಲ್ಲ. ಆದರೆ ರೆಕಾರ್ಡ್ ಜನರಿಗೆ ಸಿಗಬೇಕು, ಇಲ್ಲ ಅಂದ್ರೆ ಆ ನೆಪಕ್ಕೂ ಹಲ್ಲಿರಲ್ಲ. ಸಿಸಿಟಿವಿ ತೀರ್ಪಿನಲ್ಲಿ, ಠಾಣೆಯಲ್ಲಿ ಮಾನವ ಹಕ್ಕು ಉಲ್ಲಂಘನೆ ಆದ್ರೆ ಆ ದೃಶ್ಯ ಅಳಿಯದ ಹಾಗೆ ಕಾಯ್ದಿಡಿಸೋ ಹಕ್ಕು ನೊಂದವರಿಗಿದೆ ಅಂದಿದ್ದಾರೆ. ಎದೆ ಕ್ಯಾಮೆರಾಕ್ಕೂ ಅದೇ ಹಕ್ಕು ಇರಲಿ, ಪ್ರತಿ ಪಡೆಯೋ ಹಕ್ಕೂ ಇರಲಿ. ಪೊಲೀಸರು ತಮಗೆ ಬೇಕಾದ ತುಣುಕು ವಾಟ್ಸ್ಆ್ಯಪ್‌ನಲ್ಲಿ ಬಿಡೋದು, ಕಕ್ಷಿದಾರ ಕೇಳಿದ್ರೆ ತನಿಖೆ ನಡೀತಿದೆ ಅನ್ನೋದು, ಎರಡೂ ನಿಲ್ಲಬೇಕು.

ದೊಡ್ಡಪ್ಪ: ಕುಡಿದು ರಂಪ ಮಾಡಿದವನ ವಿಡಿಯೊ ಊರೆಲ್ಲ ಓಡಾಡೋದು ನನಗೂ ಸೇರಲ್ಲ. ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರೆ. ಆಯ್ತು, ಈಗ ಹೇಳು. ನಾಲ್ಕು ತಾಲ್ಲೂಕಿಗೆ ಸೇರಿ ಹತ್ತೇ ಕ್ಯಾಮೆರಾ ಕೊಟ್ರು ಅಂತಿಟ್ಕೋ. ಎಲ್ಲಿ ಹಾಕ್ತೀಯ?

ವಕೀಲೆ: ಹತ್ತೂ ಜೀಪಿಗೆ. ಯಾರನ್ನಾದ್ರೂ ಮನೆಯಿಂದ, ಹೊಲದಿಂದ ಠಾಣೆಗೆ ಕರ್ಕೊಂಡು ಬರೋ ಗಾಡಿಯಲ್ಲಿ ಕೂತವರಿಗೆ. ಉಳಿದ ಕೆಲಸಕ್ಕೆ ಸದ್ಯ ಬೇಡ. ಇಷ್ಟು ಕಡಿಮೆ ಹೊತ್ತು ಅಂದ್ರೆ ಬ್ಯಾಟರಿನೂ ಸಾಕು, ಡಬ್ಬಿನೂ ಸಾಕು.

ದೊಡ್ಡಪ್ಪ: ನಾನಾಗಿದ್ರೆ ನಾಲ್ಕು ಹೊಳೆ ದಂಡೆಗೆ ಕೊಡ್ತಿದ್ದೆ, ರಾತ್ರಿ ಗಸ್ತಿಗೆ. ಎರಡು ಜಗಳೂರಿಗೆ, ಅಲ್ಲಿ ಪೇದೆ ಒಬ್ಬನೇ ಬೈಕಿನಲ್ಲಿ ಹಟ್ಟಿಗಳಿಗೆ ಹೋಗ್ತಾನೆ, ಅವನಿಗೆ ಏನಾದ್ರೂ ಆದ್ರೆ ಹೇಳೋಕೆ ಇನ್ನೊಬ್ಬ ಇರಲ್ಲ. ಮಿಕ್ಕಿದ್ದು ನಿನ್ನ ಜೀಪಿಗೆ.

ವಕೀಲೆ: ಆ ಒಂಟಿ ಪೇದೆಗೆ ಕ್ಯಾಮೆರಾಕ್ಕಿಂತ ಮೊದಲು ಜೊತೆಗೊಬ್ಬ ಪೇದೆ ಬೇಕು.

ದೊಡ್ಡಪ್ಪ: ಬೇಕು. ಖಾಲಿ ಹುದ್ದೆ ತುಂಬಲಿ ಅಂತ ನಾನು ಸೇರಿದ ದಿನದಿಂದ ಕೇಳ್ತಿದೀನಿ. ಅಲ್ಲಿವರೆಗೆ ಅವನು ಬರಿಗೈಲಿ ಹೋಗಲಿ ಅಂತೀಯಾ?

ವಕೀಲೆ: ಬರಿಗೈಲಿ ಬೇಡ. ಆದರೆ ಕ್ಯಾಮೆರಾ ಕೊಟ್ಟಿದೀವಲ್ಲ, ಇನ್ನೊಬ್ಬ ಯಾಕೆ ಅಂತ ಮೇಲಿನವರು ಕೇಳಿದ ದಿನ ನೀವು ಏನು ಹೇಳ್ತೀರಿ?